ಕಾರವಾರದಲ್ಲೇ ಉಳಿಯಬೇಕಾ, ಗೋಕರ್ಣಕ್ಕೆ ಹೋಗಬೇಕಾ? ಸಲಹೆ ಕೊಡಿ

ಬಯಲುಸೀಮೆ
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯಲ್ಲಿ ದಾವಣಗೆರೆಯಿಂದ ಕಾರಿನಲ್ಲಿ ಕರಾವಳಿಗೆ ಹೊರಟಿದ್ದೇವೆ. ಅಮ್ಮನಿಗೆ ಎಪ್ಪತ್ತು ದಾಟಿದೆ. ಮಂಡಿ ನೋವು, ಮೆಟ್ಟಿಲು ಅಂದರೆ ಕಷ್ಟ. ಮಗನಿಗೆ ಹಡಗು, ವಿಮಾನ ಅಂದರೆ ಪ್ರಾಣ. ಕಾರವಾರದಲ್ಲಿ ಮೂರ್ನಾಲ್ಕು ದಿನ ಇದ್ದು ಅಲ್ಲಿಂದಲೇ ಸುತ್ತಮುತ್ತ ನೋಡಿಕೊಂಡು ಬರೋಣ ಅಂತ ನನ್ನ ಆಸೆ. ಆದರೆ ಕೇಳಿದವರೆಲ್ಲ ಹೇಳುವುದು ಒಂದೇ: "ಕಾರವಾರದಲ್ಲಿ ಏನಿದೆ? ಅರ್ಧ ದಿನ ಸಾಕು. ಗೋಕರ್ಣಕ್ಕೋ ಗೋವಾಕ್ಕೋ ಹೋಗಿ."

ಅಲ್ಲಿ ನಿಜವಾಗಿಯೂ ಉಳಿಯುವಂಥದ್ದು ಏನೂ ಇಲ್ವಾ? ಅಲ್ಲಿಯವರು, ಹೋಗಿ ಬಂದವರು ಹೇಳಿ. ಓಡಾಟ ಕಡಿಮೆ, ನೋಡುವುದು ಜಾಸ್ತಿ ಇರಬೇಕು.

ಕೋಡಿಬಾಗದವ
ಅರ್ಧ ದಿನ ಸಾಕು ಅಂದವರು ಕಾಳಿ ಸೇತುವೆ ಮೇಲೆ ಕಾರಲ್ಲಿ ಹೋಗುತ್ತಾ ಕಾರವಾರ ನೋಡಿರುತ್ತಾರೆ ಅಷ್ಟೇ. ಉಳಿಯಿರಿ. ಸಂಜೆ ವಿವರವಾಗಿ ಬರೆಯುತ್ತೇನೆ.

ಘಟ್ಟದಾಚೆ
ನಾನು ಆ ಅರ್ಧ ದಿನದ ಪಕ್ಷ. ಪೇಟೆಯ ಬೀಚ್ ಹೆದ್ದಾರಿಗೆ ಅಂಟಿಕೊಂಡೇ ಇದೆ. ಅಲೆಯ ಸದ್ದಿಗಿಂತ ಲಾರಿ ಹಾರ್ನ್ ಜಾಸ್ತಿ ಕೇಳುತ್ತದೆ. ಭಾನುವಾರ ಸಂಜೆ ಜನವೋ ಜನ. ಗೋಕರ್ಣದ ಓಂ ಬೀಚ್, ಕುಡ್ಲೆ ನೋಡಿದ ಕಣ್ಣಿಗೆ ಕಾರವಾರ ಸಪ್ಪೆ. ರಜೆ ಸಿಗುವುದೇ ಅಪರೂಪ, ಅದನ್ನು ಒಂದು ಜಿಲ್ಲಾ ಕೇಂದ್ರದಲ್ಲಿ ಯಾಕೆ ಕಳೆಯಬೇಕು?

ಸೀಗಡಿ ಸಾರು
@ಘಟ್ಟದಾಚೆ, ಅವರ ಅಮ್ಮನಿಗೆ ಮಂಡಿ ನೋವು ಅಂತ ಮೊದಲೇ ಬರೆದಿದ್ದಾರೆ. ಓಂ ಬೀಚ್‌ಗೆ ಮೆಟ್ಟಿಲು ಇಳಿಯಬೇಕು, ಕುಡ್ಲೆಗೂ ಇಳಿಜಾರು. ಹಾಫ್ ಮೂನ್, ಪ್ಯಾರಡೈಸ್‌ಗೆ ಗುಡ್ಡದ ಮೇಲೆ ನಡೆಯಬೇಕು, ಇಲ್ಲ ದೋಣಿ ಹಿಡಿಯಬೇಕು. ಕಾರವಾರದಲ್ಲಿ ಕಾರಿನಿಂದ ಇಳಿದರೆ ಮರಳು. ವಯಸ್ಸಾದವರಿಗೆ ಇದೇ ದೊಡ್ಡ ಅನುಕೂಲ. ಡಿಸೆಂಬರ್ ಕೊನೆಯಲ್ಲಿ ಗೋಕರ್ಣದಲ್ಲಿ ರೂಮಿನ ಬಾಡಿಗೆ ಎಲ್ಲಿಗೆ ಹೋಗಿರುತ್ತದೆ ಅಂತ ನಿಮಗೂ ಗೊತ್ತು.

ಕೋಡಿಬಾಗದವ
ಹೇಳಿದ ಹಾಗೆ ಬಂದೆ. ಸ್ವಲ್ಪ ಉದ್ದ ಆಗುತ್ತದೆ.

ಕಾರವಾರಕ್ಕೆ ಬಂದವರು ಸಮುದ್ರ ಮಾತ್ರ ನೋಡಿ ಹೋಗುತ್ತಾರೆ. ಕಾರವಾರದ ಚೆಂದ ಇರುವುದು ಕಾಳಿ ನದಿಯಲ್ಲಿ. ಜೊಯಿಡಾದ ಡಿಗ್ಗಿ ಕಡೆ ಹುಟ್ಟಿ, ಕಾಡು ದಾಟಿ, ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟು ದಾಟಿ, ಸುಮಾರು 184 ಕಿ.ಮೀ. ಹರಿದು ಇಲ್ಲಿ ಸಮುದ್ರ ಸೇರುತ್ತದೆ. ಅಳಿವೆಯಲ್ಲಿ ನಿಂತರೆ ಒಂದು ಕಡೆ ಸದಾಶಿವಗಡದ ಗುಡ್ಡ, ಎದುರಿಗೆ ದ್ವೀಪಗಳು, ಹಿಂದೆ ಸಹ್ಯಾದ್ರಿ. ನಮ್ಮ ಕರಾವಳಿಯಲ್ಲಿ ಹೆಚ್ಚಿನ ಕಡೆ ನೇರ ಮರಳಿನ ದಂಡೆ, ಎದುರಿಗೆ ಬರೀ ನೀರು. ಇಲ್ಲಿ ಕೊಲ್ಲಿ ಇದೆ. ಅದಕ್ಕೇ ಬೇಸಿಗೆ, ಚಳಿಗಾಲದಲ್ಲಿ ಪೇಟೆ ಮುಂದಿನ ಅಲೆ ಅಷ್ಟು ಜೋರಿರುವುದಿಲ್ಲ.

ಮೊದಲ ದಿನ ಬೆಳಿಗ್ಗೆ ಬೇಗ ಕೋಡಿಬಾಗಕ್ಕೆ ಹೋಗಿ ದೋಣಿ ಮಾತಾಡಿ. ಕಾಳಿಮಾತಾ ದ್ವೀಪ, ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್) ಕಾಡು ನೋಡಿಕೊಂಡು ಬರಬಹುದು. ಭರತ ಇದ್ದಾಗ (ನೀರು ಏರಿದಾಗ) ಹೋದರೆ ದೋಣಿ ಕಾಂಡ್ಲಾ ಗಿಡಗಳ ಹತ್ತಿರಕ್ಕೆ ಹೋಗುತ್ತದೆ. ಇಳಿತ ಇದ್ದಾಗ ಕೆಸರು ಮೇಲೆ ಬಂದಿರುತ್ತದೆ, ಆಗ ಹಕ್ಕಿ ಚೆನ್ನಾಗಿ ಕಾಣುತ್ತವೆ. ನಿಮಗೆ ಯಾವುದು ಬೇಕೋ ದೋಣಿಯವರನ್ನು ಕೇಳಿ, ಹೊತ್ತು ಅವರೇ ಹೇಳುತ್ತಾರೆ. ದೋಣಿ ಹತ್ತುವಾಗ ಅಮ್ಮನಿಗೆ ಕೈ ಹಿಡಿಯಲು ಇಬ್ಬರಿರಲಿ. ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಳ್ಳಿ. ಕೊಡದಿದ್ದರೆ ಹತ್ತಬೇಡಿ.

ಆಮೇಲೆ ಸೇತುವೆ ದಾಟಿ ಸದಾಶಿವಗಡ. ಸೋದೆಯ ಅರಸರು ಕಟ್ಟಿದ ಕೋಟೆ. ಈಗ ಗೋಡೆ ಜಾಸ್ತಿ ಉಳಿದಿಲ್ಲ. ಆದರೆ ಮೇಲಿಂದ ನದಿ, ಸಮುದ್ರ, ಸೇತುವೆ, ದ್ವೀಪ ಎಲ್ಲ ಒಟ್ಟಿಗೆ ಕಾಣುತ್ತದೆ. ವಾಹನ ಮೇಲಿನವರೆಗೂ ಹೋಗುತ್ತದೆ, ಅಮ್ಮನಿಗೆ ತೊಂದರೆ ಇಲ್ಲ. ನನ್ನ ಕೇಳಿದರೆ ಇಡೀ ಉತ್ತರ ಕನ್ನಡದಲ್ಲಿ ಕಡಿಮೆ ಶ್ರಮಕ್ಕೆ ಇಷ್ಟು ದೊಡ್ಡ ನೋಟ ಸಿಗುವ ಜಾಗ ಇನ್ನೊಂದಿಲ್ಲ.

ಘಟ್ಟದಾಚೆ
ನದಿ, ಕೋಟೆ ಸರಿ. ಎರಡೂ ಸೇರಿ ಅರ್ಧ ದಿನವೇ ಆಯಿತಲ್ಲ?

ಕೋಡಿಬಾಗದವ
ಸಂಜೆ ಯಾರು ಲೆಕ್ಕ ಹಾಕುತ್ತಾರೆ? ದೇವಬಾಗ್ ಇದೆ, ಮಾಜಾಳಿ ಇದೆ. ದೇವಬಾಗ್ ಕಾಳಿ ಅಳಿವೆಯ ಉತ್ತರ ದಂಡೆ. ಒಂದು ಕಡೆ ಗಾಳಿಮರದ ತೋಪು, ಇನ್ನೊಂದು ಕಡೆ ಸಮುದ್ರ. ಅಲ್ಲಿ ಹೆದ್ದಾರಿ ಇಲ್ಲ, ಹಾರ್ನ್ ಇಲ್ಲ. ನಿಮ್ಮ ದೂರಿಗೆ ಅದೇ ಉತ್ತರ.

ಹಳೇ ಪುಸ್ತಕ
ರವೀಂದ್ರನಾಥ ಟಾಗೋರರನ್ನು ಯಾರೂ ನೆನಪಿಸಲಿಲ್ಲವಲ್ಲ! 1882ರಲ್ಲಿ ಅವರು ಕಾರವಾರಕ್ಕೆ ಬಂದಿದ್ದರು. ಆಗ ಇಪ್ಪತ್ತು ದಾಟಿದ ಹುಡುಗ. ಅಣ್ಣ ಸತ್ಯೇಂದ್ರನಾಥ ಟಾಗೋರ್ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಬ್ರಿಟಿಷರ ಕಾಲದ ಆಡಳಿತ ಸೇವೆ ಐಸಿಎಸ್ ಸೇರಿದ ಮೊದಲ ಭಾರತೀಯ ಅವರೇ. ಬೆಳದಿಂಗಳ ರಾತ್ರಿ ಕಾಳಿಯಲ್ಲಿ ದೋಣಿಯಲ್ಲಿ ಹೋಗಿ, ಮರಳಿನ ಮೇಲೆ ನಡೆದು ವಾಪಸ್ ಬಂದದ್ದನ್ನು ರವೀಂದ್ರರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಇಲ್ಲಿದ್ದಾಗಲೇ ಒಂದು ನಾಟಕವನ್ನೂ ಬರೆದರು. ಪೇಟೆಯ ಬೀಚ್‌ಗೆ ಅವರ ಹೆಸರಿಟ್ಟಿರುವುದು ಅದಕ್ಕೇ. ಅವರು ಮೆಚ್ಚಿದ್ದು ಕೂಡ ನದಿಯನ್ನೂ ಈ ಕೊಲ್ಲಿಯನ್ನೂ. ಹಾಗಾಗಿ ನಾನು ಕೋಡಿಬಾಗದವರ ಪಕ್ಷ.

ಅಲೆಮಾರಿ ಅಣ್ಣ
ಮಗನಿಗೆ ಹಡಗು ಇಷ್ಟ ಅಂದಿರಲ್ಲ, ಟಾಗೋರ್ ಬೀಚ್‌ನಲ್ಲಿ ಚಪಲ್ ಯುದ್ಧನೌಕೆ ಇದೆ. ಒಳಗೆ ಹೋಗಿ ನೋಡಬಹುದು. 1971ರ ಯುದ್ಧದಲ್ಲಿ ಕರಾಚಿ ಮೇಲೆ ದಾಳಿ ಮಾಡಿದ ಹಡಗು ಅದು. ಹುಡುಗ ಖುಷಿಯಾಗುತ್ತಾನೆ.

ನೀಲಿ ಸಮವಸ್ತ್ರ
@ಅಲೆಮಾರಿ ಅಣ್ಣ, ಚಪಲ್ 1971ರ ಯುದ್ಧದಲ್ಲಿ ಇರಲೇ ಇಲ್ಲ. ಅದು ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಕರಾಚಿ ದಾಳಿ ಮಾಡಿದ್ದು ಅದಕ್ಕಿಂತ ಹಿಂದಿನ ವರ್ಗದ ಕ್ಷಿಪಣಿ ದೋಣಿಗಳು: ನಿರ್ಘಾತ್, ನಿಪಾತ್, ವೀರ್. ಅವೂ ಸೋವಿಯತ್ ಒಕ್ಕೂಟದಿಂದ ಬಂದವು, ನೋಡಲು ಚಪಲ್ ಹಾಗೇ ಇರುತ್ತವೆ. ಅದಕ್ಕೇ ಈ ಕಥೆ ಎಲ್ಲ ಕಡೆ ಹಬ್ಬಿದೆ. ಚಪಲ್ 2005ರಲ್ಲಿ ನಿವೃತ್ತಿಯಾಯಿತು, ಮುಂದಿನ ವರ್ಷ ಇಲ್ಲಿಗೆ ಬಂತು.

ಹಡಗು ಚಿಕ್ಕದು. ಒಳಗಿನ ಏಣಿ ಕಡಿದು, ದಾರಿ ಇಕ್ಕಟ್ಟು. ಅಮ್ಮನವರು ಹೊರಗೇ ಕೂರುವುದು ಒಳ್ಳೆಯದು. ಹುಡುಗನಿಗೆ ಕ್ಷಿಪಣಿ ಇಡುವ ಪೆಟ್ಟಿಗೆಗಳನ್ನು ತೋರಿಸಿ, ಇಷ್ಟು ಸಣ್ಣ ದೋಣಿ ದೊಡ್ಡ ಹಡಗನ್ನು ಹೇಗೆ ಮುಳುಗಿಸುತ್ತದೆ ಅಂತ ವಿವರಿಸಿ. ಪಕ್ಕದಲ್ಲೇ ಟುಪೊಲೆವ್ 142 ವಿಮಾನವೂ ಇದೆ. ಸಮುದ್ರದ ಮೇಲೆ ಗಂಟೆಗಟ್ಟಲೆ ಹಾರಿ ಜಲಾಂತರ್ಗಾಮಿ ಹುಡುಕುತ್ತಿದ್ದ ವಿಮಾನ. ನೌಕಾಪಡೆ ಅದನ್ನು 2017ರಲ್ಲಿ ನಿವೃತ್ತಿ ಮಾಡಿತು. ಉದ್ದ 50 ಮೀಟರ್‌ಗಿಂತ ಜಾಸ್ತಿ. ಒಂದೊಂದು ಎಂಜಿನ್‌ಗೂ ಎರಡೆರಡು ಫ್ಯಾನ್, ಎದುರುಬದುರು ತಿರುಗುವಂಥವು. ಅದನ್ನು ಗಮನಿಸಲು ಹೇಳಿ.

ಅಲೆಮಾರಿ ಅಣ್ಣ
ನಿರ್ಘಾತ್, ನಿಪಾತ್, ವೀರ್. ಬರೆದಿಟ್ಟುಕೊಂಡೆ. ಆದರೂ ಸಣ್ಣ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಜಾಗ ಕರಾವಳಿಯಲ್ಲಿ ಇಲ್ಲ ಅನ್ನುವ ಮಾತಿಗೆ ನಾನು ಈಗಲೂ ಬದ್ಧ.

ಬಯಲುಸೀಮೆ
ಮಗ ಈಗಲೇ ಬ್ಯಾಗ್ ತುಂಬುತ್ತಿದ್ದಾನೆ. ಹಾಗಾದರೆ ನೌಕಾನೆಲೆಯನ್ನೂ ನೋಡಬಹುದಾ? ಸೀಬರ್ಡ್ ಅಂತಾರಲ್ಲ?

ನೀಲಿ ಸಮವಸ್ತ್ರ
ಇಲ್ಲ. ಐಎನ್‌ಎಸ್ ಕದಂಬ ಕೆಲಸ ಮಾಡುತ್ತಿರುವ ನೆಲೆ. ಸುಮ್ನೆ ಹೋಗಿ ನೋಡುವ ಹಾಗಿಲ್ಲ. ಬಿಣಗಾ, ಅರ್ಗಾ ಕಡೆ ಹೆದ್ದಾರಿಯಲ್ಲಿ ಹೋಗುವಾಗ ಫೋಟೊ, ವಿಡಿಯೊ ತೆಗೆಯಬೇಡಿ. ಡ್ರೋನ್ ಅಂತೂ ಬೇಡವೇ ಬೇಡ. ನೌಕಾಪಡೆ ದಿನ ಡಿಸೆಂಬರ್ 4ಕ್ಕೆ. ಆ ಸುಮಾರಿಗೆ ಕೆಲವೊಮ್ಮೆ ಜನರಿಗೆ ಹಡಗು ನೋಡಲು ಬಿಡುತ್ತಾರೆ. ನೀವು ಬರುವ ಹೊತ್ತಿಗೆ ಅದು ಮುಗಿದಿರುತ್ತದೆ.

ಅಂಕೋಲೆ ಮಾವು
ಆ ಅರ್ಗಾ, ಬಿಣಗಾ ದಂಡೆಗಳನ್ನು ನೋಡಿದವರಿಗೇ ಗೊತ್ತು ಏನು ಹೋಯಿತು ಅಂತ. ಗುಡ್ಡ ನೇರ ಸಮುದ್ರಕ್ಕೆ ಇಳಿಯುತ್ತಿತ್ತು. 1986ರಲ್ಲಿ ನೌಕಾನೆಲೆಗೆ ಶಂಕುಸ್ಥಾಪನೆ ಆಯಿತು. ಆಮೇಲೆ ಕಾರವಾರ, ಅಂಕೋಲಾ ತಾಲೂಕಿನ ಎಷ್ಟೋ ಹಳ್ಳಿಗಳ ಮೀನುಗಾರರು, ರೈತರು ಮನೆ ಬಿಟ್ಟು ಹೋದರು. ದೇಶಕ್ಕೆ ನೆಲೆ ಬೇಕು, ಒಪ್ಪುತ್ತೇನೆ. ಆದರೆ ಪ್ರವಾಸಿಗರು "ಕಾರವಾರದಲ್ಲಿ ಬೀಚ್ ಕಡಿಮೆ" ಅನ್ನುವಾಗ ನಮ್ಮ ಹೊಟ್ಟೆ ಉರಿಯುತ್ತದೆ. ಕಡಿಮೆ ಇರಲಿಲ್ಲ, ಕೊಟ್ಟಿದ್ದೇವೆ.

ಸೀಗಡಿ ಸಾರು
ಒಪ್ಪಿದೆ. ಅಂಜದೀವ್ ದ್ವೀಪವೂ ಅಷ್ಟೇ. ಬಿಣಗಾದ ಎದುರಿಗೇ ಕಾಣುತ್ತದೆ. ಲೆಕ್ಕದಲ್ಲಿ ಗೋವಾಕ್ಕೆ ಸೇರಿದ್ದು, ಈಗ ನೌಕಾಪಡೆಯ ಕೈಯಲ್ಲಿ. ಜನರಿಗೆ ಪ್ರವೇಶ ಇಲ್ಲ.

ಘಟ್ಟದಾಚೆ
ಇದು ನನಗೆ ಗೊತ್ತಿರಲಿಲ್ಲ, @ಅಂಕೋಲೆ ಮಾವು. ಆದರೆ ಪ್ರಶ್ನೆ ಕೇಳಿದವರಿಗೆ ಈಗ ಇರುವ ಜಾಗದ ಬಗ್ಗೆ ಹೇಳಬೇಕು ಅಲ್ವಾ? ಈಗ ಇರುವುದರಲ್ಲಿ ಗೋಕರ್ಣವೇ ಮೇಲು ಅನ್ನುವುದು ನನ್ನ ಮಾತು. ಮಹಾಬಲೇಶ್ವರ ದೇವಸ್ಥಾನ, ಕೋಟಿತೀರ್ಥ, ರಥಬೀದಿ, ಹಿಂದೆ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳು. ಅಮ್ಮನಿಗೂ ದೇವರ ದರ್ಶನ ಆಗುತ್ತದೆ.

ಕೋಡಿಬಾಗದವ
ಗೋಕರ್ಣ ಬೇಡ ಅಂತ ಯಾರು ಅಂದರು? ಕಾರವಾರದಿಂದ ಸುಮಾರು 60 ಕಿ.ಮೀ. ಬೆಳಿಗ್ಗೆ ಹೋಗಿ ದರ್ಶನ ಮಾಡಿ, ಮಧ್ಯಾಹ್ನ ಮಿರ್ಜಾನ್ ಕೋಟೆ ನೋಡಿ, ರಾತ್ರಿಗೆ ವಾಪಸ್ ಬರಬಹುದು. ಮಲಗುವುದು ಕಾರವಾರದಲ್ಲಿ ಅಂತ ನಾನು ಹೇಳುತ್ತಿರುವುದು ಅಷ್ಟೇ. ಇನ್ನೊಂದು ವಿಷಯ, ಸಾಣಿಕಟ್ಟೆಯಲ್ಲಿ ಉಪ್ಪು ತೆಗೆಯುವುದು ಬೇಸಿಗೆ ಕೆಲಸ. ಡಿಸೆಂಬರ್‌ನಲ್ಲಿ ಹೋದರೆ ಬಿಳಿ ರಾಶಿ ನೋಡಲು ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಕರಿಮೆಣಸು
ಮಿರ್ಜಾನ್‌ಗೆ ನನ್ನ ಕಡೆಯಿಂದ ಜೋರಾಗಿ ಓಟು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೋಟೆ. ಪೋರ್ಚುಗೀಸರು ಅವಳನ್ನು ಕರಿಮೆಣಸಿನ ರಾಣಿ ಅಂತಿದ್ದರು. ಕಪ್ಪಲ್ಲ, ಕೆಂಪು ಚಿರೆಕಲ್ಲಿನ ಗೋಡೆ, ಮೇಲೆಲ್ಲ ಹಾವಸೆ. ಮಳೆ ಮುಗಿದ ಮೇಲಿನ ತಿಂಗಳುಗಳಲ್ಲಿ ಹಸಿರು ಇನ್ನೂ ಇರುತ್ತದೆ. ಡಿಸೆಂಬರ್ ಕೊನೆಗೆ ಒಣಗಲು ಶುರುವಾಗಿರುತ್ತದೆ, ಆದರೂ ಚೆಂದ. ಬಾಗಿಲ ಹತ್ತಿರ ಸ್ವಲ್ಪ ಮೆಟ್ಟಿಲಿದೆ, ಒಳಗೆ ಹೆಚ್ಚು ಕಡಿಮೆ ಸಮತಟ್ಟು. ಒಳಗಿನ ಬಾವಿಗಳನ್ನು ನೋಡಲು ಮರೆಯಬೇಡಿ. ನೀರಿಗೆ ಇಳಿಯುವ ದಾರಿ ಹೇಗೆ ಕಟ್ಟಿದ್ದಾರೆ ಅಂತ ನೋಡಿದರೆ ಗೌರವ ಬರುತ್ತದೆ.

ಬಯಲುಸೀಮೆ
ಯಾಣಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ? ಮುರುಡೇಶ್ವರ?

ಕರಿಮೆಣಸು
ಯಾಣ ಬೇಡ. ವಾಹನ ನಿಲ್ಲಿಸಿ ಕಾಡಲ್ಲಿ ನಡೆಯಬೇಕು, ಕೊನೆಗೆ ಮೆಟ್ಟಿಲು. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಅದರ ಬುಡಕ್ಕೆ ಹೋಗಿ ಒಳಗೆ ಸುತ್ತಿದರೇ ಅದರ ಅನುಭವ. ಮಂಡಿ ನೋವಿರುವವರಿಗೆ ಅದು ಶಿಕ್ಷೆ.

ಮುರುಡೇಶ್ವರ ಆಗಬಹುದು. 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ, 123 ಅಡಿ ಶಿವನ ಮೂರ್ತಿ ಮೇಲಿಂದ ಕಾಣುತ್ತದೆ. ಆದರೆ ಕಾರವಾರದಿಂದ ಹೋಗಿ ಬರಲು ಇಡೀ ದಿನ ಬೇಕು. ವರ್ಷದ ಕೊನೆಗೆ ಲಿಫ್ಟ್ ಮುಂದೆ ಉದ್ದ ಸಾಲು. ಹೋಗುವುದಾದರೆ ದಾರಿಯಲ್ಲಿ ಹೊನ್ನಾವರದ ಶರಾವತಿ ಕಾಂಡ್ಲಾ ನಡಿಗೆ ದಾರಿ ನೋಡಿ. ಮರದ ಹಾದಿ, ಅಮ್ಮ ನಿಧಾನವಾಗಿ ನಡೆಯಬಹುದು. ಪಕ್ಕದ ಕಾಸರಕೋಡು ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚ್ ಅನ್ನುವ ಅಂತರರಾಷ್ಟ್ರೀಯ ಗುರುತು) ಸಿಕ್ಕಿದೆ, ಶೌಚಾಲಯ, ಬಟ್ಟೆ ಬದಲಿಸುವ ಜಾಗ ಎಲ್ಲ ಇದೆ.

ಸೀಗಡಿ ಸಾರು
ಊಟದ ಬಗ್ಗೆ ಯಾರೂ ಮಾತಾಡುತ್ತಿಲ್ಲ! ನೀವು ಮೀನು ತಿನ್ನುವವರಾದರೆ ಬೆಳಿಗ್ಗೆ ಮೀನು ಪೇಟೆಗೆ ಒಂದು ಸುತ್ತು ಹೋಗಿ ಬನ್ನಿ. ಬಂಗಡೆ, ತಾರ್ಲೆ, ಇಸ್ವಾಣ, ಸೀಗಡಿ. ಮಾರುವ ಹೆಂಗಸರ ಮಾತಿನ ಚುರುಕು ಕೇಳಬೇಕು. ಕೊಂಕಣಿ, ಕನ್ನಡ ಎರಡೂ ಒಂದೇ ಉಸಿರಲ್ಲಿ. ತಿಸ್ರೆ (ಚಿಪ್ಪುಮೀನು) ಸುಕ್ಕ ಸಿಕ್ಕರೆ ಬಿಡಬೇಡಿ. ಕೊನೆಗೆ ಸೋಲ್ ಕಡಿ, ಮುರುಗಲು ಹುಳಿ ಮತ್ತು ತೆಂಗಿನ ಹಾಲಿನದು. ಅದನ್ನು ಕುಡಿಯದೆ ಎದ್ದು ಬಂದರೆ ಊಟ ಮುಗಿದಿಲ್ಲ ಅಂತಲೇ ಲೆಕ್ಕ.

ಬಯಲುಸೀಮೆ
ನಾವು ಸಸ್ಯಾಹಾರಿಗಳು 🙂

ಸೀಗಡಿ ಸಾರು
ಹಾಗಾದರೆ ಸೋಲ್ ಕಡಿ ಇನ್ನೂ ಜಾಸ್ತಿ ಕುಡಿಯಿರಿ. ಪೇಟೆಯಲ್ಲಿ ಸಸ್ಯಾಹಾರಿ ಹೋಟೆಲ್‌ಗಳು ಬೇಕಾದಷ್ಟಿವೆ. ಬೆಳಿಗ್ಗೆ ಬನ್ಸ್, ಭಾಜಿ ಕೇಳಿ.

ಅಂಕೋಲೆ ಮಾವು
ಮೇ ತಿಂಗಳಲ್ಲಿ ಬಂದಿದ್ದರೆ ನಮ್ಮೂರ ಕರಿ ಇಶಾಡು ಮಾವು ತಿನ್ನಬಹುದಿತ್ತು. 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿದೆ. ಡಿಸೆಂಬರ್‌ನಲ್ಲಿ ಬರುವವರಿಗೆ ಇದನ್ನು ಹೇಳಿ ಹೊಟ್ಟೆ ಉರಿಸಬಾರದು, ಆದರೂ ಹೇಳಿದೆ.

ಮಳೆಗಾಲದ ಮಗು
ನನ್ನದು ಬೇರೆಯೇ ವಾದ. ಕಾರವಾರ ನೋಡಬೇಕಾದ್ದು ಜುಲೈನಲ್ಲಿ. ಗುಡ್ಡದಿಂದೆಲ್ಲ ನೀರು, ಸಮುದ್ರ ಕಪ್ಪು, ಜನ ಇಲ್ಲ. ಡಿಸೆಂಬರ್‌ನಲ್ಲಿ ಎಲ್ಲ ಕಡೆ ಒಂದೇ ತರ ಬಿಸಿಲು.

ಕೋಡಿಬಾಗದವ
@ಮಳೆಗಾಲದ ಮಗು, ಕುಟುಂಬ ಕರೆದುಕೊಂಡು ಬರುವವರಿಗೆ ಈ ಸಲಹೆ ಕೊಡಬೇಡಿ, ದಯವಿಟ್ಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯೇ ನಿಷೇಧ. ನದಿಯಲ್ಲಿ ಪ್ರವಾಸಿ ದೋಣಿ ಬಿಡುವುದಿಲ್ಲ, ದ್ವೀಪಕ್ಕೆ ಹೋಗಲು ಆಗುವುದಿಲ್ಲ. ಸಮುದ್ರಕ್ಕೆ ಇಳಿಯುವ ಮಾತೇ ಇಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಎಷ್ಟು ಜನ ಹೋದರು, ನೆನಪಿದೆ ಅಲ್ವಾ? ಅಣಶಿ ಘಟ್ಟದಲ್ಲೂ ಮಳೆಗಾಲದಲ್ಲಿ ಮಣ್ಣು ಜಾರುತ್ತದೆ. ಗುಡ್ಡ ಕಡಿದು ರಸ್ತೆ ಅಗಲ ಮಾಡಿದ ಕಡೆಯೆಲ್ಲ ಮಳೆ ಜೋರಾದಾಗ ನಾವು ಇಲ್ಲಿಯವರೇ ಪ್ರಯಾಣ ಮುಂದೂಡುತ್ತೇವೆ.

ಮಳೆಗಾಲದ ಮಗು
ಅಪಾಯ ಇಲ್ಲ ಅಂತ ನಾನು ಅಂದಿಲ್ಲ. ರೈಲಿನಲ್ಲಿ ಬಂದು ರೂಮಿನ ಬಾಲ್ಕನಿಯಲ್ಲಿ ಕೂತು ಮಳೆ ನೋಡುವುದರ ಬಗ್ಗೆ ಹೇಳಿದ್ದು. ಅದು ಬೇರೆ ಜನರಿಗೆ, ಸರಿ. ಆದರೆ ಮಳೆ ನೋಡದವರು ಕರಾವಳಿಯನ್ನು ಅರ್ಧ ಮಾತ್ರ ನೋಡಿದ್ದಾರೆ ಅನ್ನುವ ಮಾತು ಬಿಡುವುದಿಲ್ಲ.

ರೈಲು ಹುಚ್ಚ
ರೈಲು ಅಂದ ಕೂಡಲೇ ಬಂದೆ. ಬೆಂಗಳೂರಿನವರು ಯಾರಾದರೂ ಓದುತ್ತಿದ್ದರೆ: ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಿಗ್ಗೆ ಕಾರವಾರ ತಲುಪುತ್ತದೆ. ಘಟ್ಟವನ್ನು ಕತ್ತಲಲ್ಲಿ ದಾಟುತ್ತದೆ, ಆದರೆ ಬೆಳಗಾಗುವ ಹೊತ್ತಿಗೆ ಕೊಂಕಣ ರೈಲ್ವೆಯ ಹಾದಿ. ಶರಾವತಿ, ಅಘನಾಶಿನಿ, ಗಂಗಾವಳಿ ಒಂದರ ಹಿಂದೆ ಒಂದು ದಾಟುವುದು ಕಿಟಕಿಯಿಂದ ನೋಡಬೇಕು. ಸಕಲೇಶಪುರ, ಸುಬ್ರಹ್ಮಣ್ಯ ನಡುವಿನ 57 ಸುರಂಗ ನೋಡಬೇಕು ಅನ್ನುವವರು ಹಗಲಿನ ರೈಲು ಓಡುತ್ತಿದೆಯಾ ಅಂತ ನೋಡಿಕೊಂಡು ಹತ್ತಬೇಕು. ಹಳಿ ಕೆಲಸ ಇದ್ದಾಗ ನಿಲ್ಲಿಸುತ್ತಾರೆ. ಕಾರವಾರ ನಿಲ್ದಾಣ ಶಿರವಾಡದಲ್ಲಿದೆ, ಪೇಟೆಗೆ ಆಟೊ ಬೇಕು.

ಅಲೆಮಾರಿ ಅಣ್ಣ
ದಾವಣಗೆರೆಯವರು ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಬರುವುದು ಅಲ್ವಾ? ಯಲ್ಲಾಪುರದ ಹತ್ತಿರ ಮಾಗೋಡು ಜಲಪಾತಕ್ಕೆ ಹೋಗಿ. ಬೇಡ್ತಿ ನದಿ ಸುಮಾರು 200 ಮೀಟರ್ ಧುಮುಕುತ್ತದೆ. ವಾಹನ ನಿಲ್ಲಿಸಿದಲ್ಲಿಂದ ದೂರ ಇಲ್ಲ. ಪಕ್ಕದ ಜೇನುಕಲ್ಲು ಗುಡ್ಡದಿಂದ ಸಂಜೆ ಕಣಿವೆ ನೋಡಿದರೆ ಅಲ್ಲೇ ಉಳಿಯೋಣ ಅನಿಸುತ್ತದೆ. ಆದರೆ ಕತ್ತಲಾದ ಮೇಲೆ ಅರಬೈಲ್ ಇಳಿಯಬೇಡಿ. ಲಾರಿಗಳ ಸಾಲು ಮತ್ತು ತಿರುವು ಹೊಸಬರಿಗೆ ಕಷ್ಟ.

ಘಟ್ಟದಾಚೆ
ಸೇತುವೆ ಬಗ್ಗೆ ಒಂದು ಮಾತು. ಕಾಳಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ರಾತ್ರೋರಾತ್ರಿ ಕುಸಿಯಿತಲ್ಲ. ಒಂದು ಲಾರಿ ನೀರಿಗೆ ಬಿತ್ತು, ಚಾಲಕನನ್ನು ಮೀನುಗಾರರು, ಪೊಲೀಸರು ಸೇರಿ ಉಳಿಸಿದರು. ಗೋವಾ ಕಡೆ ಹೋಗುವವರು ರಜೆ ದಿನ ಅಲ್ಲಿ ಸ್ವಲ್ಪ ಹೊತ್ತು ಕೈಯಲ್ಲಿಟ್ಟುಕೊಳ್ಳಿ.

ಹಕ್ಕಿ ಕಣ್ಣು
ಮಾಜಾಳಿ ಬಗ್ಗೆ ಒಂದೇ ಸಾಲು ಬಂದಿದೆ, ಅನ್ಯಾಯ. ಮಾಜಾಳಿಯಿಂದ ಗುಡ್ಡ ಹತ್ತಿ ಇಳಿದರೆ ತಿಳ್ಮಾತಿ ಬೀಚ್. ಮರಳು ಎಳ್ಳಿನ ಹಾಗೆ ಕಪ್ಪು ಕಾಳು ಕಾಳಾಗಿದೆ. ಅಕ್ಕಪಕ್ಕದ ದಂಡೆಯೆಲ್ಲ ಬಿಳಿ, ಇದೊಂದು ಮಾತ್ರ ಹೀಗೆ. ಅಲ್ಲಿನ ಕಪ್ಪು ಬಂಡೆ ಅಲೆಗೆ ಸವೆದು ಆದ ಮರಳು. ದಯವಿಟ್ಟು ಬಾಟಲಿಯಲ್ಲಿ ತುಂಬಿಕೊಂಡು ಹೋಗಬೇಡಿ. ದಂಡೆ ತುಂಬಾ ಚಿಕ್ಕದು, ಬಂದವರೆಲ್ಲ ಒಂದೊಂದು ಹಿಡಿ ಒಯ್ದರೆ ಏನು ಉಳಿಯುತ್ತದೆ? ಅಮ್ಮನವರಿಗೆ ಈ ನಡಿಗೆ ಆಗುವುದಿಲ್ಲ. ನೀವು, ಮಗ ಹೋಗಿ ಬನ್ನಿ, ಅವರು ಮಾಜಾಳಿ ದಂಡೆಯಲ್ಲಿ ನೆರಳಲ್ಲಿ ಕೂರಲಿ. ಇಳಿತದ ಹೊತ್ತು ನೋಡಿ ಹೋಗಿ, ಬಂಡೆ ಜಾರುತ್ತದೆ.

ಇನ್ನೊಂದು: ಚಳಿಗಾಲದಲ್ಲಿ ಈ ದಂಡೆಗಳಿಗೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಅರಣ್ಯ ಇಲಾಖೆಯವರು ಗೂಡಿಗೆ ಬಲೆ ಕಟ್ಟಿ ಕಾಯುತ್ತಾರೆ. ರಾತ್ರಿ ದಂಡೆಯಲ್ಲಿ ಟಾರ್ಚ್ ಹಾಕಿ ಓಡಾಡಬೇಡಿ, ಬೆಳಕಿಗೆ ಮರಿಗಳು ದಾರಿ ತಪ್ಪುತ್ತವೆ. ಕುರುಮಗಡ ದ್ವೀಪದ ಕಡೆ ದೋಣಿಯಲ್ಲಿ ಹೋದರೆ ಡಾಲ್ಫಿನ್ ಕಾಣಬಹುದು. ಎಂಜಿನ್ ಆಫ್ ಮಾಡಿ ಕಾಯುವ ದೋಣಿಯವರನ್ನೇ ಆರಿಸಿ. ಅಟ್ಟಿಸಿಕೊಂಡು ಹೋಗುವವರು ಬೇಡ.

ಸೀಗಡಿ ಸಾರು
ಟಾರ್ಚ್ ವಿಷಯ ನೂರಕ್ಕೆ ನೂರು ಸರಿ. ಪ್ಲಾಸ್ಟಿಕ್ಕಿನದೂ ಸೇರಿಸಿ. ಚಿಪ್ಸ್ ಪೊಟ್ಟಣ ದಂಡೆಯಲ್ಲಿ ಬಿಟ್ಟರೆ ಸಂಜೆಯ ಭರತಕ್ಕೆ ಅದು ನೀರಿಗೆ, ಮರುದಿನ ನಮ್ಮ ಬಲೆಗೆ.

ಬಯಲುಸೀಮೆ
ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಹೀಗೆ ಅಂದುಕೊಂಡಿದ್ದೇನೆ: ಬರುವಾಗ ಮಾಗೋಡು. ಮರುದಿನ ಕಾಳಿ ದೋಣಿ, ಸದಾಶಿವಗಡ, ಸಂಜೆ ಚಪಲ್ ಮತ್ತು ವಿಮಾನ. ಆಮೇಲೆ ಗೋಕರ್ಣ, ಮಿರ್ಜಾನ್. ಉಳಿದ ದಿನ ಮಾಜಾಳಿ, ದೇವಬಾಗ್, ಏನೂ ಅವಸರ ಇಲ್ಲದೆ. ಮುರುಡೇಶ್ವರ ಈ ಸಲ ಬಿಟ್ಟೆ. ಗೋವಾ ಕೂಡ ಬೇಡ.

ಘಟ್ಟದಾಚೆ
ಗೋಕರ್ಣಕ್ಕೆ ಒಂದು ದಿನವಾದರೂ ಸಿಕ್ಕಿತು, ಸಮಾಧಾನ. ದೇವಸ್ಥಾನಕ್ಕೆ ಬೆಳಿಗ್ಗೆ ಬೇಗ ಹೋಗಿ, ಗಂಡಸರು ಪಂಚೆ ತಗೊಂಡು ಹೋಗಿ.

ಹಳೇ ಪುಸ್ತಕ
ಕುರುಮಗಡದ ನರಸಿಂಹ ಜಾತ್ರೆ ಯಾವಾಗ? ಡಿಸೆಂಬರ್‌ನಲ್ಲೇ ಸಿಗುತ್ತದಾ?

ಕೋಡಿಬಾಗದವ
ಪುಷ್ಯ ಹುಣ್ಣಿಮೆಗೆ. ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ. ಅಂದು ಮೀನುಗಾರರ ದೋಣಿಗಳೇ ಭಕ್ತರನ್ನು ದ್ವೀಪಕ್ಕೆ ಕರೆದುಕೊಂಡು ಹೋಗುತ್ತವೆ. ಕ್ಯಾಲೆಂಡರ್‌ನಲ್ಲಿ ದಿನ ನೋಡಿಕೊಂಡು ಬನ್ನಿ. ಜನ ತುಂಬಾ ಇರುತ್ತಾರೆ, ಬೆಳಿಗ್ಗೆ ಮೊದಲ ದೋಣಿಗಳಿಗೇ ನಿಲ್ಲಿ.